ಮಾಗಿ ಚಳಿಯಲ್ಲಿ ಹಳೆಯ ಕಾರಿಗೆ ಒಂದು ನಿಮಿಷ ಸಾಕು

ಮಾನ್ಯ ಸಂಪಾದಕರೇ,

ಮಾಗಿ ಚಳಿ ಶುರುವಾಯಿತೆಂದರೆ ಕೊಡಗು, ಚಿಕ್ಕಮಗಳೂರು, ಬೀದರ್ ಕಡೆ ಬೆಳಿಗ್ಗೆ ಆರು ಗಂಟೆಗೆಲ್ಲ ಮನೆಗಳ ಮುಂದೆ ಹಳೆಯ ಮಾರುತಿ 800, ಪದ್ಮಿನಿ, ಅಂಬಾಸಿಡರ್ ಕಾರುಗಳು ಸ್ಟಾರ್ಟಿನಲ್ಲೇ ನಿಂತಿರುತ್ತವೆ. ಚೋಕ್ (ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡಿಸುವ ಗುಂಡಿ) ಪೂರ್ತಿ ಎಳೆದಿರುತ್ತದೆ, ಯಜಮಾನರು ಒಳಗೆ ಕಾಫಿ ಕುಡಿಯುತ್ತಿರುತ್ತಾರೆ. ಹದಿನೈದು ನಿಮಿಷ, ಕೆಲವರ ಮನೆಯಲ್ಲಿ ಅರ್ಧ ಗಂಟೆ. ನಡುವೆ ಯಾರೋ ಬಂದು ನಾಲ್ಕು ಸಲ ಜೋರಾಗಿ ರೇಸ್ ಕೊಟ್ಟು ಹೋಗುತ್ತಾರೆ. ಎಂಜಿನ್ ಚೆನ್ನಾಗಿರಲಿ ಎಂಬ ಕಾಳಜಿಯಿಂದಲೇ ಇದನ್ನು ಮಾಡುತ್ತಾರೆ. ಆದರೆ ಎಂಜಿನ್ ಬೇಗ ಸವೆಯುವುದು ಇದರಿಂದಲೇ. ಇದನ್ನು ನಿಮ್ಮ ಓದುಗರಿಗೆ ವಿವರವಾಗಿ ತಿಳಿಸಬೇಕೆಂದು ಈ ಪತ್ರ.

ಪೆಟ್ರೋಲ್ ದ್ರವವಾಗಿದ್ದಾಗ ಉರಿಯುವುದಿಲ್ಲ, ಆವಿಯಾಗಿ ಗಾಳಿಯೊಡನೆ ಬೆರೆತರೆ ಮಾತ್ರ ಉರಿಯುತ್ತದೆ. ಬಿಸಿಯಾದ ಎಂಜಿನ್ನಿಗೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಸಾಕು. ತಣ್ಣಗಿರುವ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಬಿಟ್ಟ ಪೆಟ್ರೋಲಿನ ದೊಡ್ಡ ಭಾಗ ಸಿಲಿಂಡರಿಗೆ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿನ ಗೋಡೆಗೆ ಹನಿಯಾಗಿ ಅಂಟಿಕೊಂಡು ಉಳಿಯುತ್ತದೆ. ಆವಿಯಾಗುವುದು ಸ್ವಲ್ಪ ಮಾತ್ರ. ಆ ಸ್ವಲ್ಪವೇ ಉರಿಯುವಷ್ಟಾಗಲಿ ಎಂದು ಚೋಕ್ ಗಾಳಿಯನ್ನು ತಡೆದು ಪೆಟ್ರೋಲನ್ನು ಹೆಚ್ಚು ಎಳೆಸುತ್ತದೆ. ಮೊದಲ ಕೆಲವು ಸೆಕೆಂಡಿಗೆ ಇದು ಬೇಕೇ ಬೇಕು. ಆಮೇಲೂ ಚೋಕ್ ಬಿಡದಿದ್ದರೆ ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಹಾಕುತ್ತದೆ. ಪಿಸ್ಟನ್ ರಿಂಗ್ ಒಣ ಗೋಡೆಗೆ ಉಜ್ಜುತ್ತದೆ. ತೊಳೆದ ಪೆಟ್ರೋಲ್ ರಿಂಗುಗಳ ಸಂದಿಯಲ್ಲಿ ಕೆಳಗಿಳಿದು ಎಂಜಿನ್ನಿನ ತಳದ ಸಂಪಿನಲ್ಲಿರುವ ಆಯಿಲಿಗೆ ಸೇರುತ್ತದೆ. ದಿನವೂ ನಿಂತಲ್ಲೇ ಬಿಸಿ ಮಾಡುವ ಕಾರಿನ ಆಯಿಲ್ ಗೇಜ್ ಕಡ್ಡಿ ಎಳೆದು ಮೂಗಿನ ಹತ್ತಿರ ಹಿಡಿದು ನೋಡಿ: ಪೆಟ್ರೋಲ್ ವಾಸನೆ ಬರುತ್ತದೆ, ಬೆರಳಿಗೆ ಹಚ್ಚಿದರೆ ಜಿಡ್ಡಿಲ್ಲದೆ ನೀರಾಗಿರುತ್ತದೆ. ಕೆಲವು ಕಾರುಗಳಲ್ಲಿ ಆಯಿಲ್ ಹಾಕದಿದ್ದರೂ ಮಟ್ಟ ಮೇಲಿನ ಗುರುತು ದಾಟಿರುತ್ತದೆ. ‘ನಮ್ಮ ಗಾಡಿ ಆಯಿಲ್ ತಿನ್ನುವುದೇ ಇಲ್ಲ’ ಎಂದು ಅದನ್ನು ಕಂಡು ಸಂತೋಷಪಡುವವರಿದ್ದಾರೆ. ಆ ಆಯಿಲನ್ನು ಕೂಡಲೇ ಬದಲಿಸಬೇಕು.

‘ಚಳಿಗೆ ಆಯಿಲ್ ಗಟ್ಟಿಯಾಗಿರುತ್ತದೆ, ಕರಗಲಿ’ ಎಂಬ ಮಾತೂ ಇದೆ. ಆಯಿಲ್ ಡಬ್ಬದ ಮೇಲಿನ 20ಡಬ್ಲ್ಯು-40 ಎಂಬಲ್ಲಿ ಡಬ್ಲ್ಯು ಎಂದರೆ ಚಳಿಗಾಲ. 20ಡಬ್ಲ್ಯು ಆಯಿಲಿನಲ್ಲಿ ಎಂಜಿನ್ ತಿರುಗಬಲ್ಲುದೇ ಎಂದು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 15ಡಬ್ಲ್ಯು ಆದರೆ 20 ಡಿಗ್ರಿ ಕೆಳಗೆ. ನಮ್ಮಲ್ಲಿ ಬೀದರ್, ವಿಜಯಪುರದಂಥ ಕಡೆ ಕೆಲವು ಬೆಳಿಗ್ಗೆ 10 ಡಿಗ್ರಿಗಿಂತ ಕೆಳಗಿಳಿದರೂ ಈ ಆಯಿಲ್ ಕೆಲವೇ ಸೆಕೆಂಡಿನಲ್ಲಿ ಎಲ್ಲ ಬೇರಿಂಗಿಗೂ ತಲುಪುತ್ತದೆ. ಆಯಿಲ್ ಲೈಟ್ ಆರಿತೆಂದರೆ ಪ್ರೆಷರ್ ಬಂದಿದೆ ಎಂದರ್ಥ. ಅದಕ್ಕೂ ಮೊದಲು ರೇಸ್ ಕೊಡುವುದು ಮಾತ್ರ ಖಂಡಿತ ತಪ್ಪು.

ಹಾಗಾದರೆ ಮಾಡಬೇಕಾದ್ದೇನು? ಲೈಟು, ಬ್ಲೋವರ್, ರೇಡಿಯೊ ಎಲ್ಲ ಆಫ್ ಮಾಡಿ. ನ್ಯೂಟ್ರಲ್ಲಿಗೆ ಹಾಕಿ ಕ್ಲಚ್ ಪೂರ್ತಿ ಒತ್ತಿ ಹಿಡಿಯಿರಿ. ಗೇರ್‌ಬಾಕ್ಸಿನ 90 ನಂಬರಿನ ಆಯಿಲ್ ಚಳಿಗೆ ನಿಜಕ್ಕೂ ದಪ್ಪಗಾಗುತ್ತದೆ, ಕ್ಲಚ್ ಒತ್ತಿದರೆ ಅದನ್ನೂ ಕಲಕುವ ಭಾರ ಸ್ಟಾರ್ಟರ್ ಮೋಟಾರಿಗೆ ತಪ್ಪುತ್ತದೆ. ಚೋಕ್ ಪೂರ್ತಿ ಎಳೆಯಿರಿ, ಆಕ್ಸಿಲರೇಟರ್ ಮುಟ್ಟಬೇಡಿ. ಸೆಲ್ಫ್ ಹೊಡೆಯುವುದು ಒಂದು ಸಲಕ್ಕೆ ಐದು ಸೆಕೆಂಡ್ ಮಾತ್ರ, ಹಿಡಿಯದಿದ್ದರೆ ಇಪ್ಪತ್ತು ಸೆಕೆಂಡ್ ಬಿಟ್ಟು ಮತ್ತೆ. ನಾಲ್ಕೈದು ದಿನ ನಿಂತ ಕಾರಾದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಪಂಪ್ ಅದನ್ನು ಮತ್ತೆ ತುಂಬುವವರೆಗೆ ಎರಡು ಮೂರು ಸಲ ಹೊಡೆಯಬೇಕಾಗಬಹುದು. ಸ್ಟಾರ್ಟ್ ಆಗಿ ಎಂಜಿನ್ ನಿಂತು ಹೋಗದಷ್ಟು ಹಿಡಿದ ಕೂಡಲೇ, ಹತ್ತು ಹದಿನೈದು ಸೆಕೆಂಡಿನೊಳಗೆ, ಚೋಕನ್ನು ಅರ್ಧಕ್ಕೆ ತಳ್ಳಿ. ಸೀಟ್ ಬೆಲ್ಟ್ ಹಾಕಿ, ಗಾಜಿನ ಇಬ್ಬನಿ ಒರೆಸುವಷ್ಟರಲ್ಲಿ ಒಂದು ನಿಮಿಷ ಆಗಿರುತ್ತದೆ. ಹೊರಡಿ.

ಹೊರಟ ಮೇಲೆ ಮೊದಲ ಮೂರು ನಾಲ್ಕು ಕಿಲೋಮೀಟರ್ ಮೆಲ್ಲಗೆ, ಎಂಜಿನ್ 2,000–2,500 ಸುತ್ತು ದಾಟದಂತೆ ಓಡಿಸಿ. ಸಣ್ಣ ಗೇರಿನಲ್ಲಿ ಎಳೆಸುವುದೂ ಬೇಡ, ಟಾಪ್ ಗೇರಿನಲ್ಲಿ ಒದ್ದಾಡಿಸುವುದೂ ಬೇಡ. ಒಂದೆರಡು ಕಿಲೋಮೀಟರ್ ಒಳಗೆ ಚೋಕ್ ಪೂರ್ತಿ ಒಳಗೆ ಹೋಗಿರಬೇಕು. ಹೀಗೆ ಹಗುರ ಭಾರದಲ್ಲಿ ಓಡುವ ಎಂಜಿನ್ ನಿಂತು ಉರಿಯುವ ಎಂಜಿನ್ನಿಗಿಂತ ಬಹಳ ಬೇಗ ಬಿಸಿಯಾಗುತ್ತದೆ. ಗೇರ್‌ಬಾಕ್ಸ್, ಚಕ್ರದ ಬೇರಿಂಗ್, ಶಾಕ್ ಅಬ್ಸಾರ್ಬರ್ ಬಿಸಿಯಾಗುವುದಂತೂ ಗಾಡಿ ಓಡಿದರೆ ಮಾತ್ರ. ಟೆಂಪರೇಚರ್ ಮುಳ್ಳು ಮೇಲೆ ಬಂದ ಕೂಡಲೇ ಕಾಲು ಒತ್ತಬೇಡಿ. ಮುಳ್ಳು ತೋರಿಸುವುದು ನೀರಿನ ಬಿಸಿ. ಆಯಿಲ್ ಅದಕ್ಕಿಂತ ನಿಧಾನವಾಗಿ ಬಿಸಿಯಾಗುತ್ತದೆ, ಅದಕ್ಕೂ ಅಷ್ಟೇ ಹೊತ್ತು ಕೊಡಿ.

ಸೆಲ್ಫ್ ಹೊಡೆದೂ ಹೊಡೆದೂ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪ್ಲಗ್ ಒದ್ದೆಯಾಗಿದೆ. ಆಗ ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಾಗೇ ಹಿಡಿದು ಸೆಲ್ಫ್ ಹೊಡೆಯಿರಿ. ಗಾಳಿ ನುಗ್ಗಿ ಸಿಲಿಂಡರ್ ಒಣಗುತ್ತದೆ. ಪಂಪ್ ಮಾಡಿದಂತೆ ಒತ್ತಿ ಬಿಟ್ಟು ಮಾಡಿದರೆ ಪ್ರತಿ ಸಲವೂ ಇನ್ನಷ್ಟು ಪೆಟ್ರೋಲ್ ಚಿಮ್ಮುತ್ತದೆ.

ಇತ್ತೀಚೆಗೆ ‘ಮೊದಲು ಸರಿಯಾಗಿಯೇ ಸ್ಟಾರ್ಟ್ ಆಗುತ್ತಿತ್ತು, ಈಗ ಚಳಿಗೆ ಹಿಡಿಯುತ್ತಿಲ್ಲ’ ಎಂಬ ದೂರು ಹೆಚ್ಚಿದೆ. ಇದಕ್ಕೆ ಒಂದು ಕಾರಣ ಪೆಟ್ರೋಲೇ. ಶೇ 20 ಎಥೆನಾಲ್ ಬೆರೆತ ಇ20 ಇಂಧನಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ಅದು ತಣ್ಣನೆಯ ಎಂಜಿನ್ನಿನಲ್ಲಿ ಇರುವುದಿಲ್ಲ. ಜೊತೆಗೆ ಈ ಮಿಶ್ರಣಕ್ಕೆ ಬೇಕಾದ ಗಾಳಿಯ ಪಾಲು 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬ್ಯುರೇಟರಿನ ಜೆಟ್ಟಿಗೆ ಇರುವುದು ಒಂದೇ ಅಳತೆಯ ತೂತು, ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಂತಲ್ಲೇ ಓಡುವಾಗಿನ ಪೆಟ್ರೋಲ್–ಗಾಳಿ ಮಿಶ್ರಣ ಹೊಂದಿಸುವ ಐಡಲ್ ಮಿಕ್ಸ್ಚರ್ ಸ್ಕ್ರೂವನ್ನು ಬಲ್ಲವರಿಂದ ಮತ್ತೆ ಸೆಟ್ ಮಾಡಿಸಿದರೆ ಬೆಳಗಿನ ತೊಂದರೆ ಬಹುಪಾಲು ಕಡಿಮೆಯಾಗುತ್ತದೆ. ಹಾಗೆಯೇ ಹಳೆಯ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಡೆಯುವ ಪೈಪಿಗೆ ಬದಲಿಸಿ. ಮೆದುವಾಗಿ ಬಿರಿದ ಪೈಪ್ ಗಾಳಿ ಎಳೆಯುತ್ತದೆ, ಪೆಟ್ರೋಲ್ ಸೋರಿಸುತ್ತದೆ, ಬೆಂಕಿಗೂ ದಾರಿ.

ಈ ಪತ್ರದಲ್ಲಿ ಮುಖ್ಯವಾಗಿ ಹೇಳಬೇಕಾದದ್ದು, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವಿನ ವಿಷಯ. ನಮ್ಮ ಊರುಗಳಲ್ಲಿ ಓಡುವ ಹಳೆಯ ಕಾರುಗಳಲ್ಲಿ ಎಷ್ಟೋ ಕಾರುಗಳಿಗೆ ಈ ವಾಲ್ವೇ ಇಲ್ಲ. ಬೇಸಿಗೆಯಲ್ಲಿ ಎಂಜಿನ್ ಕುದಿಯಿತೆಂದು ಗ್ಯಾರೇಜಿಗೆ ಹೋದರೆ ‘ನಮ್ಮ ಸೆಕೆಗೆ ಇದು ಬೇಡ ಸಾರ್’ ಎಂದು ತೆಗೆದು ಬಿಸಾಡಿರುತ್ತಾರೆ. ಕುದಿಯಲು ನಿಜವಾದ ಕಾರಣ ಬೋರ್‌ವೆಲ್ ನೀರು ಹಾಕಿ ಹಾಕಿ ಸುಣ್ಣ ಕಟ್ಟಿದ ರೇಡಿಯೇಟರ್. ಅದು ಹಾಗೇ ಉಳಿಯುತ್ತದೆ. ವಾಲ್ವ್ ಇದ್ದರೆ ನೀರು ಸುಮಾರು 82 ಡಿಗ್ರಿ, ಕೆಲವು ಎಂಜಿನ್‌ಗಳಲ್ಲಿ 88 ಡಿಗ್ರಿ ಮುಟ್ಟುವವರೆಗೆ ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ, ಅದಕ್ಕೇ ಬೇಗ ಬಿಸಿಯಾಗುವುದು. ವಾಲ್ವ್ ತೆಗೆದ ಎಂಜಿನ್ ಡಿಸೆಂಬರ್ ಬೆಳಿಗ್ಗೆ ಅರ್ಧ ಗಂಟೆ ನಿಂತು ಉರಿದರೂ ಹದಕ್ಕೆ ಬರುವುದಿಲ್ಲ. ಚೋಕ್ ತಳ್ಳಿದರೆ ನಿಂತು ಹೋಗುತ್ತದೆ, ಅದಕ್ಕೆ ಯಜಮಾನರು ಚೋಕ್ ಎಳೆದೇ ಓಡಿಸುತ್ತಾರೆ, ಮೈಲೇಜ್ ಬೀಳುತ್ತದೆ, ಹೀಟರಿನಲ್ಲಿ ತಣ್ಣನೆಯ ಗಾಳಿ ಬರುತ್ತದೆ. ಹಳೆಯ ಕಾರಿಗೆ ಹೆಚ್ಚು ಹೊತ್ತು ಬಿಸಿ ಮಾಡಬೇಕೆಂಬ ನಂಬಿಕೆ ಎಷ್ಟೋ ಮನೆಗಳಲ್ಲಿ ಬೇರೂರಿದ್ದು ಈ ಕಳೆದುಹೋದ ವಾಲ್ವಿನಿಂದ ಎಂದೇ ನಮ್ಮ ಅಭಿಪ್ರಾಯ.

ನಿಮ್ಮ ಕಾರಿನಲ್ಲಿ ಅದು ಇದೆಯೇ ಎಂದು ತಿಳಿಯಲು ಸ್ಪ್ಯಾನರ್ ಬೇಡ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು, ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪನ್ನು ಆಗಾಗ ಮುಟ್ಟಿ ನೋಡಿ. ಹಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಕೈ ಇಡಲಾಗದಷ್ಟು ಸುಟ್ಟರೆ ವಾಲ್ವ್ ಸರಿಯಿದೆ. ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಬೆಚ್ಚಗಾಗುತ್ತ ಹೋದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದುಕೊಂಡೇ ಸಿಕ್ಕಿಕೊಂಡಿದೆ. ಬಿಚ್ಚಿದ ವಾಲ್ವನ್ನು ಪರೀಕ್ಷಿಸುವುದೂ ಸುಲಭ: ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ನೀರು ಕುದಿಯುವ ಮೊದಲೇ ಅದು ಬಾಯಿ ತೆರೆಯಬೇಕು, ತಣ್ಣಗಾದಾಗ ಪೂರ್ತಿ ಮುಚ್ಚಬೇಕು. ಹೊಸದನ್ನು ಹಾಕುವಾಗ ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗಿರಲಿ, ಪ್ಯಾಕಿಂಗ್ ಹೊಸದಿರಲಿ, ರೇಡಿಯೇಟರ್ ತೊಳೆಸಿ ಡಿಸ್ಟಿಲ್ಡ್ ನೀರಿಗೆ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕೂಲಂಟ್ ಬೆರೆಸಿ. ನೀರು ಹೆಪ್ಪುಗಟ್ಟುವ ಭಯ ನಮ್ಮಲ್ಲಿಲ್ಲ, ತುಕ್ಕು ಮತ್ತು ಸುಣ್ಣ ತಡೆಯಲು ಕೂಲಂಟ್ ಬೇಕು. ಗ್ಯಾರೇಜ್ ನಡೆಸುವ ಗೆಳೆಯರಲ್ಲಿ ಕೈಮುಗಿದು ಕೇಳುತ್ತೇವೆ, ದಯವಿಟ್ಟು ವಾಲ್ವ್ ತೆಗೆಯಬೇಡಿ.

ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಹಳದಿ ನೊರೆ ಕಂಡರೆ ಅನೇಕರು ಹೆಡ್ ಗ್ಯಾಸ್ಕೆಟ್ (ನೀರು ಆಯಿಲಿಗೆ ಸೇರದಂತೆ ತಡೆಯುವ ಎಂಜಿನ್ನಿನ ಪ್ಯಾಕಿಂಗ್) ಹೋಯಿತೆಂದು ಗಾಬರಿಯಾಗುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂ ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಆವಿ ರಿಂಗ್ ದಾಟಿ ಒಳಗೆ ಸೇರಿ, ತಣ್ಣನೆಯ ಮುಚ್ಚಳಕ್ಕೆ ತಾಗಿ ಆಯಿಲಿನೊಡನೆ ನೊರೆಯಾಗುತ್ತದೆ. ಗೇಜ್ ಕಡ್ಡಿಯಲ್ಲಿ ಆಯಿಲ್ ಶುದ್ಧವಾಗಿದ್ದು, ರೇಡಿಯೇಟರ್ ನೀರು ಇಳಿಯದಿದ್ದರೆ ಭಯವಿಲ್ಲ. ದಿನಕ್ಕೆ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಕಡ್ಡಿಯ ಆಯಿಲೂ ಹಾಲು ಬೆರೆತ ಕಾಫಿಯಂತಿದ್ದರೆ ಮಾತ್ರ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಕರೆಸಿ.

ಮಡಿಕೇರಿ, ಮೂಡಿಗೆರೆಯಂಥ ಮಂಜಿನ ಊರುಗಳಲ್ಲಿ ಇನ್ನೊಂದು ತೊಂದರೆ ಇದೆ. ಪೆಟ್ರೋಲ್ ಆವಿಯಾಗುವಾಗ ಕಾರ್ಬ್ಯುರೇಟರಿನ ಒಳಭಾಗ ಹೊರಗಿನ ಗಾಳಿಗಿಂತ ಇಪ್ಪತ್ತು ಡಿಗ್ರಿಯಷ್ಟು ತಣ್ಣಗಾಗಬಲ್ಲುದು. ಹೊರಗೆ 10–12 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ತುಂಬಿದ್ದರೆ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಹೊರಟು ಕೆಲವು ಕಿಲೋಮೀಟರಿಗೆ ಗಾಡಿ ಜಗ್ಗಿ ನಿಲ್ಲುತ್ತದೆ, ಐದು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಎಂಜಿನ್ನಿನ ಶಾಖಕ್ಕೆ ಗಡ್ಡೆ ಕರಗಿರುತ್ತದೆ, ಕಾರ್ಬ್ಯುರೇಟರ್ ಬಿಚ್ಚಿದವರಿಗೆ ಏನೂ ಸಿಗುವುದಿಲ್ಲ. ಏರ್ ಫಿಲ್ಟರಿಗೆ ಸೈಲೆನ್ಸರ್ ಮ್ಯಾನಿಫೋಲ್ಡ್ ಬಳಿಯಿಂದ ಬಿಸಿ ಗಾಳಿ ತರುವ ಕೊಳವೆ ಹಲವು ಹಳೆಯ ಕಾರುಗಳಲ್ಲಿತ್ತು. ಹರಿದು ಹೋಗಿದ್ದರೆ ಮತ್ತೆ ಹಾಕಿಸಿ, ಬೇಸಿಗೆ–ಚಳಿಗಾಲದ ಲಿವರ್ ಇದ್ದರೆ ಈ ತಿಂಗಳುಗಳಲ್ಲಿ ಚಳಿಗಾಲಕ್ಕೆ ತಿರುಗಿಸಿ. ಮಂಜಿಗೆ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಒಳಗೂ ಪಸೆ ಕೂರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬಿರುಕಿದ್ದರೆ ಬದಲಿಸಿ.

ಬ್ಯಾಟರಿಯನ್ನು ರಾತ್ರಿ ನಿಂತ ಮೇಲೆ ಬೆಳಿಗ್ಗೆ ಮೀಟರಿನಲ್ಲಿ ನೋಡಿ: 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2ಕ್ಕೆ ಇಳಿದಿದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಮೊದಲು ಟರ್ಮಿನಲ್ ಉಜ್ಜಿ ಬಿಗಿ ಮಾಡಿ, ಆಮೇಲೆ ಬ್ಯಾಟರಿಯ ಮೇಲೆ ಅನುಮಾನಪಡಿ.

ಹಳೆಯ ಇಂಡಿಕಾ, ಡೀಸೆಲ್ ಅಂಬಾಸಿಡರ್‌ಗಳಿಗೆ ಚೋಕ್ ಇಲ್ಲ, ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಇದೆ. ಡ್ಯಾಷ್‌ಬೋರ್ಡಿನ ಸುರುಳಿ ಚಿಹ್ನೆ ಆರುವವರೆಗೆ ಕಾದು ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆಗಿ ಒಂದು ನಿಮಿಷ ನಡುಗುತ್ತ ಬಿಳಿ ಹೊಗೆ ಬಿಟ್ಟರೆ ನಾಲ್ಕರಲ್ಲಿ ಒಂದೋ ಎರಡೋ ಪ್ಲಗ್ ಸತ್ತಿವೆ. ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಬ್ಯಾಟರಿಯ ಪ್ಲಸ್‌ನಿಂದ ಟೆಸ್ಟ್ ಲ್ಯಾಂಪ್ ತಂದು ಒಂದೊಂದಕ್ಕೂ ತಾಗಿಸಿ. ಲ್ಯಾಂಪ್ ಉರಿಯದ ಪ್ಲಗ್ ಹೋಗಿದೆ. ಏರ್ ಫಿಲ್ಟರಿಗೆ ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು ಬೇಡವೇ ಬೇಡ. ಕೆಂಡವಾದ ಪ್ಲಗ್ಗಿಗೆ ಅದು ತಾಗಿದರೆ ಪಿಸ್ಟನ್ ಒಡೆಯುತ್ತದೆ, ಹಿಡಿದವರ ಕೈ ಸುಡುತ್ತದೆ.

ಕೊನೆಯದಾಗಿ, ಚಳಿಯೆಂದು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಕಾರು ಸ್ಟಾರ್ಟ್ ಮಾಡಿ ಬಿಡುವವರಿದ್ದಾರೆ. ಎಮಿಷನ್ ತಪಾಸಣೆಯಲ್ಲಿ ಹಳೆಯ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಶೇ 3ರವರೆಗೆ ಕಾರ್ಬನ್ ಮಾನಾಕ್ಸೈಡ್ ಇರಬಹುದೆಂದು ಒಪ್ಪಿಕೊಂಡಿದ್ದಾರೆ, ಅದೂ ಬಿಸಿಯಾದ ಎಂಜಿನ್ನಿನ ಲೆಕ್ಕ. ಚೋಕ್ ಎಳೆದಾಗ ಅದಕ್ಕಿಂತ ಹೆಚ್ಚು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಅಂಟುತ್ತದೆ. ತಲೆನೋವು, ಸುಸ್ತು, ನಿದ್ದೆ ಬಂದಂತಾಗುವುದು, ಆಮೇಲೆ ಎದ್ದು ಬಾಗಿಲವರೆಗೆ ನಡೆಯಲೂ ಆಗುವುದಿಲ್ಲ. ಶೆಡ್ಡಿನ ಮೇಲೆ ಮಲಗುವ ಕೋಣೆ ಇದ್ದರೆ ಹೊಗೆ ಅಲ್ಲಿಗೂ ಏರುತ್ತದೆ. ಬಾಗಿಲು ತೆರೆದ ಮೇಲೆಯೇ ಕೀ ತಿರುಗಿಸಿ, ಹಿಡಿದ ಕೂಡಲೇ ಗಾಡಿಯನ್ನು ಅಂಗಳಕ್ಕೆ ತನ್ನಿ, ಗಾಜು ಒರೆಸುವುದು ಅಲ್ಲೇ ಆಗಲಿ. ರಾತ್ರಿ ನಿಲ್ಲಿಸುವಾಗಲೇ ಮೂತಿ ಹೊರಗೆ ಮಾಡಿ ನಿಲ್ಲಿಸಿದರೆ ಬೆಳಿಗ್ಗೆ ಸೈಲೆನ್ಸರ್ ಒಳಗೆ ಇರುತ್ತದೆ, ಆದ್ದರಿಂದ ಮುಚ್ಚಿದ ಶೆಡ್ಡಿರುವವರು ಸೈಲೆನ್ಸರ್ ಬಾಗಿಲ ಕಡೆಗಿರುವಂತೆ ನಿಲ್ಲಿಸುವುದು ಒಳ್ಳೆಯದು.

ಇತಿ,
ಹಳೆಯ ಕಾರುಗಳ ಗ್ಯಾರೇಜ್ ಕೆಲಸಗಾರರು, ಮಡಿಕೇರಿ