ಆ ಬ್ಯಾಗಿನ ವಿಷಯ

ಮಗಾ ಕಿರಣ,

ದೊಡ್ಡಪ್ಪನ ಆಶೀರ್ವಾದ. ಮನೆ ಸುದ್ದಿ ಎಲ್ಲ ನಿಮ್ಮಪ್ಪ ಫೋನಲ್ಲಿ ಹೇಳಿರುತ್ತಾನೆ, ಅದು ಬಿಡು. ನಿನ್ನ ಮೇಲ್‌ನ ಕೊನೆಯ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. ಊಟ, ಸೆಕೆ, ಓವರ್‌ಟೈಮ್ ಎಲ್ಲ ಬರೆದ ಮೇಲೆ ಸುಮ್ನೆ ಸೇರಿಸಿದ್ದೀಯ: ಗಡಿಯಾಚೆ ಮಲೇಷ್ಯಾದ ಜೊಹೋರ್‌ನಿಂದ ಸಿಂಗಾಪುರಕ್ಕೆ ವಾಪಸ್ ಬರುವಾಗ ರೂಮಿನವನು ತನ್ನದೊಂದು ಬ್ಯಾಗು ತಂದುಕೊಡು ಅನ್ನುತ್ತಾನೆ, ಇಲ್ಲ ಅನ್ನೋಕೆ ಮುಜುಗರ ಅಂತ. ಅದರಲ್ಲಿ ಏನಿದೆ ಅಂತ ಕೇಳಿದೆಯಾ? ಬರೆದಿಲ್ಲ ನೀನು.

ನಿನ್ನ ಅಕ್ಕನ ಹತ್ತಿರ ಅಲ್ಲಿನ ಕಾನೂನು ಹುಡುಕಿಸಿ ಓದಿಸಿದೆ. ಸಿಂಗಾಪುರದಲ್ಲಿ 15 ಗ್ರಾಂಗಿಂತ ಜಾಸ್ತಿ ಹೆರಾಯಿನ್ ಸಾಗಿಸಿದರೆ ನೇಣು, ಗಾಂಜಾ ಆದರೆ 500 ಗ್ರಾಂ ದಾಟಿದರೆ. ನನ್ನ ಮಂಡಕ್ಕಿ ಅಂಗಡಿ ತಕ್ಕಡಿಗೆ 50 ಗ್ರಾಂಗಿಂತ ಸಣ್ಣ ತೂಕದ ಕಲ್ಲೇ ಇರಲಿಲ್ಲ ಮಾರಾಯ. 15 ಗ್ರಾಂ ಅಂದರೆ ಗಿರಾಕಿ ಬಾಯಾಡಿಸಲಿ ಅಂತ ನಾನು ಸುಮ್ನೆ ಕೈಗೆ ಹಾಕುತ್ತಿದ್ದ ಒಂದು ಹಿಡಿ ಮಂಡಕ್ಕಿ.

ಅದಕ್ಕಿಂತ ನನಗೆ ಹೆದರಿಕೆ ಆದದ್ದು ಇನ್ನೊಂದು. ಬ್ಯಾಗು ನಿನ್ನ ಕೈಯಲ್ಲಿ ಸಿಕ್ಕರೆ ಒಳಗಿರುವುದೂ ನಿನ್ನದೇ, ಏನಿದೆ ಅಂತ ನಿನಗೆ ಗೊತ್ತಿತ್ತು ಅಂತಲೇ ಅಲ್ಲಿನ ಕಾನೂನು ಹಿಡಿಯುತ್ತದೆ. ಗೊತ್ತಿರಲಿಲ್ಲ ಅಂತ ನೀನೇ ಸಾಬೀತು ಮಾಡಬೇಕು. ಗೊತ್ತಿಲ್ಲದ್ದನ್ನ ಯಾರಾದರೂ ಹೇಗೆ ಸಾಬೀತು ಮಾಡುತ್ತಾರೆ? 2012ರಲ್ಲಿ ಸ್ವಲ್ಪ ಸಡಿಲ ಮಾಡಿದ್ದಾರಂತೆ. ಬರೀ ಸಾಗಿಸಿದವನು ಪೊಲೀಸರಿಗೆ ದೊಡ್ಡ ಮಾಹಿತಿ ಕೊಟ್ಟು, ಸರ್ಕಾರಿ ವಕೀಲರು ಅದನ್ನ ಒಪ್ಪಿ ಸರ್ಟಿಫಿಕೇಟ್ ಕೊಟ್ಟರೆ ಜೀವ ಉಳಿಯಬಹುದು, ಜೈಲು, ಬೆತ್ತದ ಏಟು ತಪ್ಪಲ್ಲ. ದೊಡ್ಡ ಕುಳಗಳ ಹೆಸರು ಗೊತ್ತಿದ್ದವನಿಗೆ ದಾರಿ ಇದೆ. ನಿನ್ನಂಥವನಿಗೆ ಏನು ಗೊತ್ತಿರುತ್ತದೆ? ರೂಮಿನವನ ಹೆಸರು, ಅದೂ ನಿಜವಾದದ್ದೋ ಏನೋ.

ನೀನು ದಾಟುವ ವುಡ್‌ಲ್ಯಾಂಡ್ಸ್ ಗಡಿಯಲ್ಲೇ 2009ರಲ್ಲಿ ನಾಗೇಂದ್ರನ್ ಅನ್ನೋ ಮಲೇಷ್ಯಾದ ತಮಿಳು ಹುಡುಗ ಸಿಕ್ಕಿಬಿದ್ದ. 42.72 ಗ್ರಾಂ ಹೆರಾಯಿನ್ ತೊಡೆಗೆ ಕಟ್ಟಿಕೊಂಡಿದ್ದ. ಅವನ ಬುದ್ಧಿಮಟ್ಟ, ಅದೇ ಐಕ್ಯೂ, ಬರೀ 69 ಅಂತ ಪರೀಕ್ಷೆಯಲ್ಲಿ ಬಂದಿತ್ತು, ಆದರೂ 2022ರ ಏಪ್ರಿಲ್‌ನಲ್ಲಿ ನೇಣಿಗೆ ಹಾಕಿದರು. ಮರುವರ್ಷ ಅದೇ ತಿಂಗಳು ತಂಗರಾಜು ಅನ್ನುವವನನ್ನ. ಒಂದು ಕಿಲೋ ಚಿಲ್ಲರೆ ಗಾಂಜಾ, ಅದನ್ನ ಅವನು ಮುಟ್ಟೇ ಇರಲಿಲ್ಲ. ಎರಡು ಫೋನ್ ನಂಬರ್ ಹಿಡಿದು ನೀನೇ ತರಿಸಿದವನು ಅಂದರು. ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ ವಕೀಲರಿಲ್ಲ. ತಮಿಳು ದುಭಾಷಿ ಕೇಳಿದರೂ ಕೊಡಲಿಲ್ಲ ಅಂತ ಅವನು ಹೇಳಿದ, ಕೋರ್ಟು ನಂಬಲಿಲ್ಲ.

ಆ ಹೇಳಿಕೆ ಅನ್ನೋ ಮಾತು ಓದಿದಾಗ ನನ್ನ ಕೈ ತಣ್ಣಗಾಯಿತು. ಯಾಕೆ ಅಂತ ನಿಮ್ಮಪ್ಪನಿಗೂ ನಾನು ಹೇಳಿಲ್ಲ.

2004ರಲ್ಲಿ ಒಂದು ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತು. ಪೊಲೀಸರು ಬಂದು ಪಂಚರು ಬೇಕು, ಒಂದು ಸಹಿ ಹಾಕು ಅಂದರು. ಆಂಧ್ರ ಕಡೆಯಿಂದ ಬಂದ ಲಾರಿ, ಶೇಂಗಾ ಚೀಲದ ನಡುವೆ ಗಾಂಜಾ ಸಿಕ್ಕಿದೆ ಅಂತ. ಡ್ರೈವರ್ ಓಡಿಹೋಗಿದ್ದ. ಕ್ಲೀನರ್ ಹುಡುಗ, ಮೊಳಕಾಲ್ಮೂರು ಕಡೆಯವನು, ನಿನ್ನ ವಯಸ್ಸೂ ಇಲ್ಲ, ಮೂಲೆಯಲ್ಲಿ ಕೂತಿದ್ದ. ನಾನು ಹೋಗುವ ಹೊತ್ತಿಗೆ ಚೀಲ ಹೊಲಿದು ಸೀಲ್ ಹಾಕಿ ಆಗಿತ್ತು. ಬಿಚ್ಚಿದ್ದು ನೋಡಲಿಲ್ಲ, ತೂಗಿದ್ದು ನೋಡಲಿಲ್ಲ, ಮಹಜರು ಓದಲಿಲ್ಲ. ಸಹಿ ಹಾಕಿದೆ. ಅಂಗಡಿ ನಡೆಸಬೇಕಲ್ಲ, ಅವರನ್ನ ಎದುರು ಹಾಕಿಕೊಳ್ಳೋದು ಯಾಕೆ ಅನ್ನಿಸಿತು. ಆಮೇಲೆ ಕೋರ್ಟಿನಲ್ಲೂ ನಿಂತು ‘ನನ್ನ ಎದುರೇ ತೂಗಿದರು’ ಅಂದೆ. ಹುಡುಗನಿಗೆ ಹತ್ತು ವರ್ಷ ಆಯಿತು. ನಮ್ಮ ಕಾನೂನಿನಲ್ಲೂ ಮಾಲು ಸಿಕ್ಕಿದವನೇ ತನಗೆ ಗೊತ್ತಿರಲಿಲ್ಲ ಅಂತ ತೋರಿಸಬೇಕು, ಅದು ನನಗೆ ಆಗ ಗೊತ್ತಿರಲಿಲ್ಲ. ಅವನ ತಾಯಿ ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಹಿಂದಿನ ಬಾಗಿಲಿಂದ ಬಂದುಬಿಟ್ಟೆ.

ಅವನು ತಪ್ಪು ಮಾಡಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನ ಅಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ, ನನಗೂ ಸೇರಿ. ಅವನು ಜೈಲಿಂದ ಬಂದಿರಬಹುದು ಅಂದುಕೊಳ್ಳುತ್ತೇನೆ. ಹತ್ತು ವರ್ಷವಾದರೆ ಒಂದು ದಿನ ಮುಗಿಯುತ್ತದಲ್ಲ. ನಿನ್ನ ಆ ಊರಿನಲ್ಲಿ ನನ್ನಂಥವನೊಬ್ಬ ಓದದೆ ಸಹಿ ಹಾಕಿದರೆ?

ನಾನೇನು ಬುದ್ಧಿ ಹೇಳಲಿ, ಇಷ್ಟು ಹೇಳಿದ ಮೇಲೆ. ಮುಜುಗರ ಆದರೆ ಆಗಲಿ, ಬ್ಯಾಗು ಮುಟ್ಟಬೇಡ. ನಮ್ಮ ದೊಡ್ಡಪ್ಪ ಹುಚ್ಚ, ಆಣೆ ಹಾಕಿಸಿದ್ದಾನೆ ಅನ್ನು, ನನ್ನ ಮೇಲೆ ಹಾಕು. ಸ್ವಂತದವರು ಕೊಟ್ಟರೂ ಬೇಡ. 2019ರಲ್ಲಿ ಮುಂಬೈನ ಗಂಡ ಹೆಂಡತಿ ಕತಾರ್‌ಗೆ ಹೋದಾಗ ಸಂಬಂಧಿಕರೇ ಕೊಟ್ಟ ಪೊಟ್ಟಣದಲ್ಲಿ ಚರಸ್ ಇತ್ತು. ಬಸುರಿ ಹುಡುಗಿ ಜೈಲಿನಲ್ಲೇ ಹೆತ್ತಳು. 2021ರಲ್ಲಿ ಬಿಡುಗಡೆ ಆದರು, ಅದು ಅವರ ಪುಣ್ಯ. ನಿನ್ನ ಬ್ಯಾಗಿಗೂ ಒಂದು ಸಣ್ಣ ಬೀಗ ಹಾಕಿಕೋ. ನಮ್ಮ ಹೈಕಮಿಷನ್ ನಂಬರ್ ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡು, ಫೋನ್ ಕಿತ್ತುಕೊಂಡರೆ ಬೇಕಾಗುತ್ತದೆ. ಯಾರಾದರೂ ಯಾವ ಕಾಗದಕ್ಕಾದರೂ ಸಹಿ ಕೇಳಿದರೆ ಕನ್ನಡದಲ್ಲಿ ಓದಿ ಹೇಳಿ ಅನ್ನು. ಕೊಡುತ್ತಾರೋ ಇಲ್ಲವೋ, ಕೇಳು.

ಇದನ್ನ ನಿಮ್ಮಪ್ಪನಿಗೆ ತೋರಿಸಬೇಡ. ಆ ರೂಮಿನವನಿಗೆ ಏನು ಹೇಳಿದೆ ಅಂತ ಈ ಶನಿವಾರದೊಳಗೆ ಬರಿ. ಉದ್ದ ಬೇಡ, ಒಂದು ಸಾಲು ಸಾಕು.

ನಿನ್ನ ದೊಡ್ಡಪ್ಪ
ದಾವಣಗೆರೆ