ಬರ್ಲಿನ್ನಿನ ಕರಡಿಗಳೂ ನಮ್ಮ ಜಿಲ್ಲೆಯ ಕಥೆಯೂ

ಬರ್ಲಿನ್
25 ಫೆಬ್ರುವರಿ 2025

ತೀರ್ಥರೂಪ ಅಪ್ಪಾಜಿಯವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ರಾಯಚೂರಿನಲ್ಲಿ ನೀವೂ ಅವ್ವನೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿನ ಚಿತ್ರೋತ್ಸವಕ್ಕೆ ಕನ್ನಡ ಚಿತ್ರ ಬಂದಿದೆಯೆಂದು ಹೇಳಿದಾಗ ‘ಬಹುಮಾನ ಬಂತೇನು?’ ಎಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಬರೆಯುತ್ತಿದ್ದೇನೆ.

ನಟೇಶ್ ಹೆಗಡೆಯವರ ‘ವಾಘಾಚಿಪಾಣಿ’ ಆಯ್ಕೆಯಾಗಿದ್ದು ಫೋರಂ ಎಂಬ ವಿಭಾಗಕ್ಕೆ. ಚಿನ್ನದ ಕರಡಿ, ಬೆಳ್ಳಿ ಕರಡಿ ಎಂಬ ಇಲ್ಲಿನ ಮುಖ್ಯ ಬಹುಮಾನಗಳ ಸ್ಪರ್ಧೆಯೇ ಬೇರೆ. ಫೋರಂ ಚಿತ್ರಗಳು ಅದರೊಳಗೆ ಬರುವುದಿಲ್ಲ. 1951ರಲ್ಲಿ ಆರಂಭವಾದ ಈ ಉತ್ಸವದಲ್ಲಿ 1970ರ ವರ್ಷ ವಿಯೆಟ್ನಾಂ ಯುದ್ಧದ ಕುರಿತ ಚಿತ್ರವೊಂದರಿಂದ ಜಗಳವೆದ್ದು, ತೀರ್ಪುಗಾರರ ಮಂಡಳಿಯೇ ಒಡೆದು, ಯಾರಿಗೂ ಬಹುಮಾನ ಸಿಗಲಿಲ್ಲ. ಹೊಸ ಬಗೆಯ ಚಿತ್ರಗಳಿಗೆ ಮೀಸಲಾದ ಫೋರಂ ಮರುವರ್ಷ ಹುಟ್ಟಿತು. ಅಲ್ಲಿ ಜಾಗ ಸಿಕ್ಕುವುದೇ ದೊಡ್ಡ ಮಾತು. ನಿಮಗೆ ಹೆಚ್ಚು ಸಂತೋಷವಾಗುವ ಸಂಗತಿಯೆಂದರೆ, ಈ ಚಿತ್ರಕ್ಕೆ ಆಧಾರ ನಮ್ಮ ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿಯವರ ಕಥಾಸಾಹಿತ್ಯ. ಅಚ್ಯುತ್ ಕುಮಾರ್ ಊರಿನ ಚುನಾವಣೆ ಗೆಲ್ಲಲು ಹೊರಟ ಧಣಿಯಾಗಿದ್ದಾರೆ. ಚಿತ್ರ ನಡೆಯುವುದು ಮಲೆನಾಡಿನಲ್ಲಾದರೂ ಆ ಧಣಿಯನ್ನು ಗುರುತಿಸಲು ನನಗೆ ಕಷ್ಟವಾಗಲಿಲ್ಲ.

ಚಿನ್ನದ ಕರಡಿ ನಾರ್ವೆಯ ಡಾಗ್ ಯೊಹಾನ್ ಹೌಗೆರುಡ್ ಅವರ ‘ಡ್ರೀಮ್ಸ್’ ಚಿತ್ರಕ್ಕೆ ಹೋಯಿತು. ಶಿಕ್ಷಕಿಯ ಮೇಲೆ ಮನಸ್ಸಾದ ಹುಡುಗಿ ಅದನ್ನೆಲ್ಲ ಬರೆದಿಡುತ್ತಾಳೆ, ತಾಯಿಯೂ ಅಜ್ಜಿಯೂ ಓದುತ್ತಾರೆ. ಚಿತ್ರ ಸೊಗಸಾಗಿದೆ, ಆದರೆ ನನ್ನ ಕೈಗೆ ತೀರ್ಪು ಕೊಟ್ಟಿದ್ದರೆ ಬೇರೆ ಮಾಡುತ್ತಿದ್ದೆ. ನಿರ್ದೇಶನಕ್ಕೆ ಬೆಳ್ಳಿ ಕರಡಿ ಪಡೆದ ಚೀನಾದ ಹುವೊ ಮೆಂಗ್ ಅವರ ಚಿತ್ರದಲ್ಲಿ, 1991ರಲ್ಲಿ, ತಂದೆತಾಯಿಗಳು ದುಡಿಯಲು ದೂರದ ಪಟ್ಟಣಕ್ಕೆ ಗುಳೆ ಹೋಗಿ, ಹತ್ತು ವರ್ಷದ ಹುಡುಗ ಬಂಧುಗಳ ಜತೆ ಹಳ್ಳಿಯಲ್ಲಿ ಉಳಿಯುತ್ತಾನೆ. ಸುಗ್ಗಿ ಬಿದ್ದಾಗ ಮನೆಮಂದಿಯೆಲ್ಲ ಗೋಧಿ ಹೊಲಕ್ಕಿಳಿಯುತ್ತಾರೆ. ಬೆಂಗಳೂರಿಗೂ ಮುಂಬೈಗೂ ಹೋದವರ ಮಕ್ಕಳನ್ನು ಶಾಲೆಯಲ್ಲಿ ವರ್ಷಗಟ್ಟಲೆ ಕಂಡ ನಿಮಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಅವ್ವನಿಗೆ ಮಾತ್ರ ಬ್ರೆಜಿಲ್‌ನ ಗೇಬ್ರಿಯಲ್ ಮಸ್ಕಾರೊ ಅವರ ಚಿತ್ರದ ಕಥೆ ಹೇಳಿರಿ. ತೀರ್ಪುಗಾರರ ಗ್ರ್ಯಾಂಡ್ ಪ್ರಿ ಬೆಳ್ಳಿ ಕರಡಿ ಅದಕ್ಕೆ ಬಂತು. ವಯಸ್ಸಾದವರನ್ನು ಸರಕಾರವೇ ದೂರದ ವಸಾಹತಿಗೆ ಸಾಗಿಸುವ ಕಾಲದಲ್ಲಿ, 77 ವರ್ಷದ ತೆರೇಸಾ ಅದಕ್ಕೊಪ್ಪದೆ ದೋಣಿ ಹತ್ತಿ ಅಮೆಜಾನ್ ನದಿಯ ದಾರಿ ಹಿಡಿಯುತ್ತಾಳೆ. ಬೆಂಗಳೂರಿಗೆ ಬಂದು ಅಣ್ಣನ ಮನೆಯಲ್ಲಿ ಇದ್ದುಬಿಡಿರೆಂದರೆ ಅವ್ವ ಮುಖ ತಿರುಗಿಸುತ್ತಾಳಲ್ಲ, ತೆರೇಸಾ ಅವಳ ಪಕ್ಷದವಳೇ.

ನುಗಡೋಣಿಯವರ ಸಂಕಲನಗಳಲ್ಲಿ ನಿಮ್ಮ ಕಪಾಟಿನಲ್ಲಿರುವುದನ್ನು, ಈ ಕಡೆ ಬರುವವರು ಯಾರಾದರೂ ಸಿಕ್ಕರೆ, ದಯವಿಟ್ಟು ಕಳುಹಿಸಿಕೊಡಿರಿ.

ಇಂತಿ ನಿಮ್ಮ ಮಗ