ಡ್ಯಾಶ್‌ಬೋರ್ಡಿನ ತೂತು ಮುಚ್ಚಿದ್ರ ಅದು ಮೋಸ ಹೆಂಗ ಆಗ್ತೈತ್ರಿ?

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ಓದುಗರ ಪತ್ರದಾಗ ಒಬ್ಬರು ಬರದಿದ್ರು, ಹಳೇ ಗಾಡಿ ಮಾರೋರು ಡ್ಯಾಶ್‌ಬೋರ್ಡಿನ ತೂತೆಲ್ಲಾ ಮುಚ್ಚಿ ಪಾಲಿಶ್ ಹೊಡದು ತಗೊಳ್ಳೋರ ಕಣ್ಣಿಗೆ ಮಣ್ಣು ಹಾಕ್ತಾರ, ಇದನ್ನ ಬಂದ್ ಮಾಡಿಸ್ಬೇಕು ಅಂತ. ಅವರ ಸಿಟ್ಟು ತಿಳೀತೈತಿ, ಆದ್ರ ಸಿಟ್ಟು ಮಾಡ್ಕೊಳ್ಳೋ ಜಾಗ ಅದಲ್ಲ. ನಾನು ಗಂಗಾವತಿಯಾಗ ಟಿಂಕರಿಂಗ್ ಪೇಂಟಿಂಗ್ ಶೆಡ್ ಇಟ್ಕೊಂಡಾವ, ಗಾಡಿ ಮಾರೋ ಮುಂಚೆ ಮಂದಿ ತಂದು ನಿಲ್ಸೋದು ನನ್ನಂಥವರ ಹತ್ರಾನ, ಹಂಗಾಗಿ ಈ ಮಾತಿನಾಗ ನನ್ನ ಹೊಟ್ಟಿಪಾಡೂ ಸ್ವಲ್ಪ ಸೇರೈತಿ ಅನ್ಕೊಂಡ ಓದ್ರಿ.

ಮೊದಲ ಈ ತೂತು ಎಲ್ಲಿಂದ ಬರ್ತಾವ ನೋಡ್ರಿ. ನಮ್ಮ ಕಡೆ ಹೊಸ ಗಾಡಿ ಅಂದ್ರ ಶೋರೂಮಿಂದ ಸೀದಾ ಹುಲಿಗಿಗೆ ಹೋಗ್ತೈತಿ, ಅಲ್ಲಿಂದ ವಾಪಸ್ ಬರೋದರೊಳಗ ಹುಲಿಗೆಮ್ಮನ ಫೋಟೋಕ್ಕ ಎರಡು ಸ್ಕ್ರೂ ಬಿದ್ದಿರ್ತಾವ, ಆಮ್ಯಾಲ ಊದಿನಕಡ್ಡಿ ಸ್ಟ್ಯಾಂಡು, ಮೊಬೈಲ್ ಸ್ಟ್ಯಾಂಡು, ಬ್ಯಾಸಿಗಿ ಬಂತಂದ್ರ ಸಣ್ಣ ಫ್ಯಾನು. ಕಾರಟಗಿ ಸಿಂಧನೂರು ಕಡೆ ಭತ್ತ ಹೊರೋ ಗಾಡಿ ಆದ್ರ ಹಾಡಿಗೆ ಆಂಪ್ಲಿಫೈಯರ್ರು, ಸಂಡೂರ ಕಡೆ ಅದಿರು ಹೊಡ್ಯೋ ಗಾಡಿ ಆದ್ರ ಜಿಪಿಎಸ್ ಡಬ್ಬಿ. ಇದ್ರಾಗ ಗಾಡಿ ಕೆಟ್ಟೈತಿ ಅಂತ ಹೇಳೋ ತೂತು ಯಾವುದೈತ್ರಿ? ಒಂದೂ ಇಲ್ಲ. ಆದ್ರೂ ಬ್ರೋಕರ್ ಬಂದಾವ ಬಾನೆಟ್ ಎತ್ತೋ ಮೊದಲ ಆ ತೂತಿನಾಗ ಬೆರಳಿಟ್ಟು ಸಾವಿರಗಟ್ಟಲೆ ರೊಕ್ಕ ಮುರೀತಾನ, ಇಂಜಿನ್ ಚಲೋ ಇದ್ರೂ ಬಾಯಿ ಬಿಡಂಗಿಲ್ಲ. ಅದೇ ಬ್ರೋಕರ್ ಮುಂದ ಅದನ್ನ ಮಾರೋವಾಗ ನಮ್ಮ ಶೆಡ್ಡಿಗೇ ತರ್ತಾನ, ತೂತು ಮುಚ್ಚಿಸಿ ಮುರದ ರೊಕ್ಕ ತಾನ ಗಳಿಸ್ತಾನ. ಆ ರೊಕ್ಕ ಗಾಡಿ ಮಾಲಕನ ಕಿಸೇದಾಗ ಉಳದ್ರ ಏನು ತಪ್ಪು?

ನಮ್ಮ ಕಿನ್ನಾಳದಾಗ ಗೊಂಬಿ ಮಾಡೋರು ಕಟ್ಟಿಗಿ ತುಂಡು ಜೋಡಿಸಿದ ಮ್ಯಾಲ ಹುಣಸಿಬೀಜದ ಅಂಟು, ಕಟ್ಟಿಗಿ ಪುಡಿ, ಗೋಣಿನಾರಿನ ಪುಡಿ ಕಲಿಸಿ ಕಿಟ್ಟ ಅಂತ ಮಾಡ್ಕೊಂಡು ಸಂದುಗೊಂದು ಎಲ್ಲಾ ತುಂಬ್ತಾರ, ಅದರ ಮ್ಯಾಲ ಬಣ್ಣ. ಗೊಂಬಿ ತಗೊಂಡಾವ ಯಾರಾದ್ರೂ ಸಂದು ಮುಚ್ಚಿ ಮೋಸ ಮಾಡಿದ್ರಿ ಅಂತಾನೇನು? ಡ್ಯಾಶ್‌ಬೋರ್ಡಿನ ಸ್ಕ್ರೂ ತೂತೂ ಅಷ್ಟ.

ಮೋಸ ಅನ್ನಂಗ ಕಾಣೋದು ಕೆಟ್ಟ ಕೆಲಸದಿಂದ, ಅದು ಮಾತ್ರ ನಮ್ಮ ಕಡೆ ಭಾಳ ನಡದೈತಿ. ತೂತಿಗೆ ಎಂ-ಸೀಲ್ ಮೆತ್ತಿ ಕರೀ ಬಣ್ಣ ಹೊಡಿಯೋರು, ಫೆವಿಕ್ವಿಕ್ಕಿನ ಮ್ಯಾಲ ಅಡಿಗಿ ಸೋಡಾ ಉದುರಿಸೋರು (ಅದು ಕ್ಷಣದಾಗ ಕಲ್ಲಿನಂಗ ಗಟ್ಟಿ ಆಗ್ತೈತಿ ಖರೆ, ಕಾದು ಹೊಗೀನೂ ಬರ್ತೈತಿ, ಆಮ್ಯಾಲ ಉಜ್ಜಾಕ ಹೋದ್ರ ಸೋಡಾ ಹಂಗ ನಿಂತು ಸುತ್ತಲಿನ ಮೆತ್ತನ ಪ್ಲಾಸ್ಟಿಕ್ ತಗ್ಗು ಬೀಳ್ತೈತಿ), ಗ್ಲೂ ಗನ್ನಿನಾಗ ಅಂಟು ಇಳಿಸೋರು. ಗ್ಲೂ ಗನ್ ಅಂತೂ ರಾಯಚೂರಿನ ಮೇ ತಿಂಗಳಿಗೆ ಆಗಿ ಬರೋದೇ ಇಲ್ಲ, ಗ್ಲಾಸ್ ಏರಿಸಿ ಬಿಸಿಲಾಗ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 70 ಡಿಗ್ರಿ ಹತ್ರ ಕಾಯ್ತೈತಿ, ಆ ಅಂಟು ಮೆತ್ತಗಾಗಿ ಕುಸೀತೈತಿ, ತಗೊಂಡಾವ ಒಂದು ಬ್ಯಾಸಿಗಿ ಕಳಿಯೋದರೊಳಗ ಫೋನ್ ಹಚ್ಚಿ ಬೈತಾನ.

ಕೆಲಸ ಚಲೋ ಆಗ್ಬೇಕಂದ್ರ ಮೊದಲ ಅದು ಯಾವ ಪ್ಲಾಸ್ಟಿಕ್ ಅಂತ ಗೊತ್ತಿರ್ಬೇಕು, ಪ್ಯಾನೆಲ್ ಬಿಚ್ಚಿ ಹಿಂದ ನೋಡಿದ್ರ ಸಣ್ಣ ಅಕ್ಷರದಾಗ ಪಿಪಿ ಅಂತಾನೋ ಎಬಿಎಸ್ ಅಂತಾನೋ ಅಚ್ಚು ಇರ್ತೈತಿ. ಕೆಲವರು ಒಂದು ಚೂರು ಕೆತ್ತಿ ನೀರಿಗೆ ಹಾಕ್ತಾರ, ತೇಲಿದ್ರ ಪಿಪಿ ಮುಳುಗಿದ್ರ ಎಬಿಎಸ್ ಅಂತ. ಬರೇ ಪಿಪಿಗೆ ಅದು ಸರಿ, ಆದ್ರ ಗಾಡಿಯ ಪಿಪಿ ಒಳಗ ಬಹಳ ಸಲ ಟಾಲ್ಕ್ ಪುಡಿ ಕಲಿಸಿರ್ತಾರ, ಅಚ್ಚಿನಾಗ ಟಿಡಿ 20 ಅಂತ ಇದ್ರ ನೂರಕ್ಕ 20 ಪಾಲು ಆ ಪುಡೀನ, ಅಂಥಾ ಪಿಪಿ ನೀರಾಗ ಮುಳುಗ್ತೈತಿ, ಲೆಕ್ಕ ಅಲ್ಲೇ ತಪ್ಪಿತು. ಅದಕ್ಕಿಂತ ಹಿಂಭಾಗಕ್ಕ ಒಂದು ಹನಿ ಅಸಿಟೋನ್ (ಉಗುರುಬಣ್ಣ ತೆಗ್ಯಾಕ ಬಳಸೋ ದ್ರವ) ಹಚ್ಚಿ ನೋಡ್ರಿ, ಎಬಿಎಸ್ ಆದ್ರ ಅಂಟಂಟಾಗ್ತೈತಿ, ಪಿಪಿಗೆ ಏನೂ ಆಗಂಗಿಲ್ಲ. ಎಬಿಎಸ್ ಆಗಿದ್ರ ಕೆಲಸ ಹಗುರ, ಅದೇ ಜಾತಿ ಪ್ಲಾಸ್ಟಿಕ್ಕಿನ ಚೂರು ಅಸಿಟೋನಿನಾಗ ಕರಗಿಸಿ ಪೇಸ್ಟ್ ಮಾಡಿ, ತೂತಿನ ಹಿಂದ ಜಾಳಿಗಿ ತುಂಡು ಅಂಟಿಸಿ, ತೆಳ್ಳಗ ತೆಳ್ಳಗ ತುಂಬ್ಕೋತ ಬರ್ಬೇಕು, ಒಮ್ಮೆಲೇ ತುಂಬಿದ್ರ ಒಣಗಿದಂಗೆಲ್ಲಾ ಕುಗ್ಗಿ ನಡುವ ಕುಳಿ ಬೀಳ್ತೈತಿ. ಗಾಳಿ ಆಡೋ ಕಡೆ ಮಾಡ್ರಿ, ಬೀಡಿ ಕಡ್ಡಿ ದೂರ ಇರ್ಲಿ. ಪಿಪಿ ಆಗಿದ್ರ ಅದಕ್ಕ ಫೆವಿಕ್ವಿಕ್ಕೂ ಕಚ್ಚಂಗಿಲ್ಲ ಎಂ-ಸೀಲೂ ಕಚ್ಚಂಗಿಲ್ಲ, ಬಿಸಿ ಗಾಳಿ ಗನ್ನಿನಾಗ ಪಿಪಿ ಕಡ್ಡಿ ಕರಗಿಸಿ ವೆಲ್ಡ್ ಮಾಡೋದೇ ದಾರಿ, ಕಡ್ಡಿ ಸಿಗಲಿಲ್ಲಂದ್ರ ಗುಜರಿಯಾಗ ಬಿದ್ದಿರೋ ಬಂಪರ್ ಬಹುತೇಕ ಪಿಪಿನ ಇರ್ತಾವ, ಹಿಂದಿನ ಅಚ್ಚು ನೋಡ್ಕೊಂಡು ಸಣ್ಣಗ ಸೀಳ್ಕೊಂಡು ಬಳಸ್ಬೋದು. ಸಂಡೂರ ತೋರಣಗಲ್ಲು ಕಡೆಯಿಂದ ಬರೋ ಗಾಡಿಯಾಗ ತೂತಿನ ಅಂಚಿಗೆ ಕೆಂಪು ಧೂಳು ಕುಂತಿರ್ತೈತಿ, ಅದನ್ನ ತೊಳದು ಕೆರೀಲಿಲ್ಲಂದ್ರ ಯಾವ ವೆಲ್ಡೂ ಹಿಡಿಯಂಗಿಲ್ಲ.

ಬಣ್ಣದ ಕೆಲಸ ಇನ್ನೂ ನಾಜೂಕು. ಡ್ಯಾಶ್‌ಬೋರ್ಡಿನ ಮ್ಯಾಲ ಚರ್ಮದಂಗ ಗೆರಿ ಇರ್ತಾವಲ್ಲ, ಉಜ್ಜಿದ ಜಾಗದಾಗ ಅವು ಅಳಿಸಿ ಹೋಗಿ ನುಣ್ಣಗ ಮಿಂಚ್ತೈತಿ, ನೋಡಿದಾವಗ ಕೂಡ್ಲೇ ಗೊತ್ತಾಗೋದು ಅದರಿಂದನ. ಬ್ಯಾರೆ ಕಡೆ ಗೆರಿ ಚಲೋ ಇದ್ದಲ್ಲಿ ಸಿಲಿಕೋನ್ ಅಚ್ಚು ತಗೊಂಡು ತುಂಬಿದ ಜಾಗ ಮೆತ್ತಗಿದ್ದಾಗ ಒತ್ತಿದ್ರ ಗೆರಿ ಮೂಡ್ತಾವ, ಆಮ್ಯಾಲ ಪ್ಲಾಸ್ಟಿಕ್ ಪ್ರೈಮರ್, ಅದರ ಮ್ಯಾಲ ಮಿಂಚಿಲ್ಲದ ಕರೀ ಬಣ್ಣ. ಮಾರೋರಿಗೆ ಒಂದು ಮಾತು, ಬಣ್ಣಕ್ಕ ಮೊದಲ ಹೊಳಪಿನ ಪಾಲಿಶ್ ಹಚ್ಚಿ ತರಬ್ಯಾಡ್ರಿ, ಅದ್ರಾಗಿನ ಸಿಲಿಕೋನ್ ಮ್ಯಾಲ ಬಣ್ಣ ನಿಲ್ಲದ ಗುಂಡಿ ಗುಂಡಿ ಆಗಿ ಒಡೀತೈತಿ, ತಿಕ್ಕಿ ತಿಕ್ಕಿ ತೆಗ್ಯೋದು ನಾವು.

ಎಲ್ಲಾ ತೂತಿಗೂ ಇಷ್ಟು ಕಷ್ಟ ಬೇಕಾಗಿಲ್ಲ. ತೂತು ಸ್ಟೀರಿಯೋ ಸುತ್ತಲಿನ ಪಟ್ಟಿಗೋ ಗ್ಲೋವ್ ಬಾಕ್ಸಿನ ಮುಚ್ಚಳಕ್ಕೋ ಬಿದ್ದಿದ್ರ ಗುಜರಿಯಾಗ ಆ ತುಂಡೇ ಸಿಗ್ತೈತಿ, ಬದಲಿ ಮಾಡ್ರಿ ಮುಗೀತು. ಹದಿನೈದು ವರ್ಷ ದಾಟಿದ ಪಿಕಪ್ಪಿಗೆ ಕರೀ ರಬ್ಬರ್ ಬಿರಡಿ ಒತ್ತಿ ಬಿಡ್ರಿ, ಅದನ್ನ ತಗೊಳ್ಳೋರು ಟೈರು ಚಾಸಿ ನೋಡ್ತಾರ, ಡ್ಯಾಶ್‌ಬೋರ್ಡ್ ಅಲ್ಲ. ಕೈಯಿಟ್ರ ಒತ್ತೋ ಅಂಥಾ ಸ್ಪಂಜಿನ ಡ್ಯಾಶ್‌ಬೋರ್ಡ್ ಆದ್ರ ನಮ್ಮ ಹತ್ರ ತರಬ್ಯಾಡ್ರಿ, ಬಿಸಿ ಗಾಳಿಗೆ ಮ್ಯಾಲಿನ ಹಾಳಿ ಸುಟ್ಟು ಮುದುಡ್ತೈತಿ, ಅದು ಸೀಟ್ ಕವರ್ ಹೊಲಿಯೋರ ಕೆಲಸ.

ಇನ್ನ ಮುಚ್ಚಲೇಬಾರದ ಜಾಗ ಒಂದೈತಿ, ಅದನ್ನ ನಾ ಎಷ್ಟು ರೊಕ್ಕ ಕೊಟ್ರೂ ಮುಟ್ಟಂಗಿಲ್ಲ. ಡ್ರೈವರ್ ಕಡೆ ಏರ್‌ಬ್ಯಾಗ್ 2019ರ ಜುಲೈದಿಂದ ಕಡ್ಡಾಯ ಆತು, ಪಕ್ಕದ ಸೀಟಿಂದು ಹೊಸ ಮಾಡೆಲ್ಲುಗಳಿಗೆ 2021ರ ಏಪ್ರಿಲ್‌ದಿಂದ, ಈಗ ಅಂಥಾ ಗಾಡಿಗಳು ಸೆಕೆಂಡ್ ಹ್ಯಾಂಡಿಗೆ ಬರಾಕ ಹತ್ಯಾವ. ಎಡಗಡೆ ಡ್ಯಾಶ್‌ಬೋರ್ಡಿನಾಗ ಏರ್‌ಬ್ಯಾಗ್ ಅಂತ ಅಕ್ಷರ ಇರೋ ಕಡೆ ಅದು ಒಡದು ಹೊರಗ ಬರೋ ಜಾಗ, ಕೆಲವು ಗಾಡಿಯಾಗ ಅದರ ಸಂದು ಮ್ಯಾಲ ಕಾಣ್ಸೋದೂ ಇಲ್ಲ, ಒಳಗಿಂದ ಸೀಳಿಟ್ಟಿರ್ತಾರ. ಅಲ್ಲಿ ತೂತು ಕೊರದು ಗಣಪನ್ನ ಕೂಡಿಸಿದ್ರ ಡಿಕ್ಕಿ ಆದಾಗ ಆ ಗಣಪ ಗುಂಡಿನಂಗ ಬಂದು ಪಕ್ಕದಾಗ ಕುಂತಾವರ ಮಕಕ್ಕ ಬಡೀತಾನ, ಅಲ್ಲಿ ಪುಟ್ಟಿ ತುಂಬಿ ಗಟ್ಟಿ ಮಾಡಿದ್ರ ಬ್ಯಾಗ್ ಹೆಂಗ ಒಡ್ಕೊಂಡು ಬರ್ಬೇಕೋ ಹಂಗ ಬರಂಗಿಲ್ಲ. ಆ ಭಾಗ ಕಂಪನಿ ಸರ್ವಿಸ್ ಸೆಂಟರಿನಾಗ ಬದಲಿಸ್ಬೇಕು, ಖರ್ಚು ಬ್ಯಾಡ ಅಂದ್ರ ತೂತು ಹಂಗ ಬಿಟ್ಟು ತಗೊಳ್ಳೋರಿಗೆ ಬಾಯಿಬಿಟ್ಟು ಹೇಳ್ರಿ. ಬ್ಯಾರೆ ಪ್ಯಾನೆಲ್ ಬಿಚ್ಚೋವಾಗೂ ಬ್ಯಾಟರಿ ನೆಗೆಟಿವ್ ತೆಗದು ಸ್ವಲ್ಪ ಹೊತ್ತು ಕಾಯ್ದು ಕೈ ಹಾಕ್ಬೇಕು, ಹಳದಿ ಕನೆಕ್ಟರ್ ಕಂಡ್ರ ಅದು ಏರ್‌ಬ್ಯಾಗಿನ ವೈರಿಂದು, ದೂರ ಇರ್ಬೇಕು.

ಆ ಓದುಗರು ಮೋಸ ಹುಡುಕೋದಿದ್ರ ಕಿಲೋಮೀಟರ್ ಹಿಂದಕ್ಕ ತಿರುಗಿಸೋರನ್ನ ಹುಡುಕ್ಲಿ. ಟ್ಯಾಕ್ಸಿ ಓಡಿದ ಗಾಡೀನ ವೈಟ್ ಬೋರ್ಡ್ ಮಾಡಿಸ್ಕೊಂಡು ಮನಿ ಗಾಡಿ ಅಂತ ಮಾರೋರನ್ನ ಹುಡುಕ್ಲಿ, 2019ರ ನಂತರದ ಟ್ಯಾಕ್ಸಿಗೆ ಜಿಪಿಎಸ್ಸು ಪ್ಯಾನಿಕ್ ಬಟನ್ನು ಕಡ್ಡಾಯ ಆಗೈತಿ, ಅವನ್ನ ಬಿಚ್ಚಿದ ತೂತು ಮುಚ್ಚೋದು ಬ್ಯಾರೆ, ಟ್ಯಾಕ್ಸಿ ಆಗಿತ್ತು ಅನ್ನೋದನ್ನ ಮುಚ್ಚೋದು ಬ್ಯಾರೆ. ನಾನು ತೂತು ಮುಚ್ಚಿದ ಗಾಡಿಯ ಬಿಲ್ಲಿನಾಗ ಎಲ್ಲಿ ಮುಚ್ಚೀನಿ ಅಂತ ಬರದು ಕೊಡ್ತೀನಿ, ತಗೊಳ್ಳೋರು ಅದನ್ನ ಕೇಳಿ ಇಸ್ಕೊಳ್ರಿ. ಆಕ್ಸೆಸರೀಸ್ ಅಂಗಡಿಯವರೂ ಡ್ರಿಲ್ ಹಿಡಿಯೋ ಮೊದಲ ಎಸಿ ಜಾಳಿಗಿಗೆ ಸಿಗಿಸೋ ಸ್ಟ್ಯಾಂಡ್ ಐತಿ ಅಂತ ಒಂದು ಮಾತು ಹೇಳಿದ್ರ ನನ್ನ ಗಿರಾಕಿ ಕಮ್ಮಿ ಆಗ್ತಾರ, ಆಗ್ಲಿ ಬಿಡ್ರಿ.

ಪತ್ರ ಉದ್ದ ಆಗೈತಿ, ಜಾಗ ಸಾಲಲಿಲ್ಲಂದ್ರ ಬಣ್ಣ ಗೆರಿ ಮಾತೆಲ್ಲಾ ಕತ್ತರಿಸ್ರಿ, ಏರ್‌ಬ್ಯಾಗಿಂದು ಮಾತ್ರ ಪೂರಾ ಹಾಕ್ರಿ.

ಇಂತಿ,
ಒಬ್ಬ ಟಿಂಕರಿಂಗ್ ಕೆಲಸಗಾರ,
ಗಂಗಾವತಿ, ಕೊಪ್ಪಳ ಜಿಲ್ಲೆ